ಗೆಜ್ಜೆಮನೆಯಲ್ಲಿ ಒಂದು ‘ಒ’

ಹೊರಡುವ ಮುಂಚೆ

ನಗೋಯಾದಲ್ಲಿರುವ ಮಗಳ ಮನೆಗೆ ಬಂದು ಹದಿನೈದು ದಿನವಾಗಿತ್ತು. ಮೊಮ್ಮಗಳು ಈ ಏಪ್ರಿಲ್‌ನಲ್ಲಿ ಒಂದನೇ ತರಗತಿಗೆ ಸೇರುವವಳು. ಅಡುಗೆಮನೆಯ ಗೋಡೆಗೆ ಅಂಟಿಸಿದ ಅಕ್ಷರಪಟದ ಮುಂದೆ ನಿಂತು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದುತ್ತಿದ್ದಳು: ‘ಅ ಇ ಉ ಎ ಒ, ಕ ಕಿ ಕು ಕೆ ಕೊ...’ ಮೊದಲ ಸಲ ಕೇಳಿದಾಗ ಒಲೆ ಆರಿಸಿ ಅವಳ ಹಿಂದೆ ಬಂದು ನಿಂತೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳ ಕಿವಿಗೆ ಅದು ಕಾಗುಣಿತವಲ್ಲದೆ ಇನ್ನೇನಾಗಿ ಕೇಳೀತು?

ಸಾಲುಗಳ ಮೊದಲ ಅಕ್ಷರಗಳನ್ನು ಮಾತ್ರ ಓದಿಸಿದೆ. ಅ, ಕ, ಸ, ತ, ನ, ಹ, ಮ, ಯ, ರ, ವ. ಅವರ ಸಕಾರ ಹಿಂದೆ ಚಕಾರಕ್ಕೆ ಹತ್ತಿರವಾಗಿತ್ತು, ಹಕಾರ ಪಕಾರವಾಗಿತ್ತು ಎಂದು ಭಾಷಾತಜ್ಞರು ಹೇಳುತ್ತಾರೆ. ಹಾಗೆ ಹಾಕಿಕೊಂಡು ಓದಿ: ಕ, ಚ, ತ, ನ, ಪ, ಮ, ಯ, ರ, ವ. ಕಂಠದಿಂದ ತುಟಿಯವರೆಗೆ ನಡೆದುಬರುವ ನಮ್ಮ ವರ್ಗಗಳ ಕ್ರಮವೇ. ಇದು ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಕಲಿತ ಸಿದ್ಧಂ ಲಿಪಿಯ ಜೊತೆಗೆ ಸಂಸ್ಕೃತದ ವರ್ಣಕ್ರಮವೂ ಜಪಾನಿಗೆ ಹೋಯಿತು. 9ನೇ ಶತಮಾನದ ಆರಂಭದಲ್ಲಿ ಚೀನಾಕ್ಕೆ ಹೋಗಿದ್ದ ಕೂಕಾಯ್ ಎಂಬ ಸನ್ಯಾಸಿ ಅಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿ ಸಂಸ್ಕೃತ ಕಲಿತಿದ್ದ. ಆ ಪರಂಪರೆಯವರೇ ಮುಂದೆ ತಮ್ಮ ನುಡಿಯ ಧ್ವನಿಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿಕೊಂಡರು.

ಪಟದ ಕೊನೆಯಲ್ಲಿ ಮೊಮ್ಮಗಳು ತಡೆದು ನಿಂತಳು. ವಕಾರದ ಸಾಲಿನಲ್ಲಿ ಉಳಿದಿರುವುದು ಎರಡೇ ಅಕ್ಷರ. ಮೊದಲನೆಯದು ‘ವ’. ಎರಡನೆಯದನ್ನು ಅವಳು ‘ಒ’ ಎಂದು ಓದಿದಳು.

“ಅಜ್ಜಿ, ‘ಒ’ ಮೇಲೇ ಬಂತಲ್ಲ. ಇಲ್ಲಿ ಇನ್ನೊಂದು ಯಾಕೆ?”

ಇದು ಈಗ ಬಳಕೆಯಲ್ಲಿರುವುದು ಬಹುಮಟ್ಟಿಗೆ ದ್ವಿತೀಯಾ ವಿಭಕ್ತಿಯ ಪ್ರತ್ಯಯವಾಗಿ ಮಾತ್ರ. ‘ಹೊನ್ ಒ ಯೊಮು’ ಎಂದರೆ ಪುಸ್ತಕವನ್ನು ಓದುವುದು. ಆದರೆ ಅದು ವಕಾರದ ಸಾಲಿನಲ್ಲಿ ಏಕೆ ಕೂತಿದೆ? ರಾತ್ರಿ ಮಗಳು ಹುಡುಕಿ ಹೇಳಿದಳು: “ಅಮ್ಮ, ಆ ಎರಡು ಅಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿದ್ದು ಒಬ್ಬ ಮಕ್ಕಳ ಡಾಕ್ಟರಂತೆ. ಮೊತೋರಿ ನೊರಿನಾಗ. ಮಾತ್ಸುಸಾಕಾದಲ್ಲಿ ಅವರ ಮನೆಯಿದೆ, ಪಕ್ಕದಲ್ಲೇ ಸಣ್ಣ ಮ್ಯೂಸಿಯಂ ಇದೆ. ಇಲ್ಲಿಂದ ದೂರವೇನಿಲ್ಲ.”

ಶಾಲೆ ತೆರೆಯಲು ಇನ್ನೂ ನಾಲ್ಕು ದಿನವಿತ್ತು. ಮೂವರೂ ಹೊರಟೆವು.

ಮೊದಲ ದಿನ

ಕಿಂತೆತ್ಸು ರೈಲಿನಲ್ಲಿ ನಗೋಯಾದಿಂದ ಮಾತ್ಸುಸಾಕಾಗೆ ಒಂದು ಗಂಟೆ ಚಿಲ್ಲರೆ. ಕಿಸೊ ನದಿಯ ಉದ್ದನೆಯ ಸೇತುವೆ, ಯೊಕ್ಕಾಯಿಚಿಯ ಕಾರ್ಖಾನೆ ಚಿಮಣಿಗಳು, ಆಮೇಲೆ ಉಳುಮೆಗೆ ಕಾದಿರುವ ಗದ್ದೆಗಳು. ದಾರಿಯಲ್ಲಿ ‘ತ್ಸು’ ಎಂಬ ಊರು. ಮಿಯೆ ಪ್ರಾಂತದ ಆಡಳಿತ ಕೇಂದ್ರ ಅದು, ಆದರೂ ಹೆಸರಿಗೆ ಒಂದೇ ಅಕ್ಷರ. ಫಲಕದ ಮೇಲೆ ಗಾಳದ ಕೊಕ್ಕೆಯಂತೆ ಬಾಗಿದ ಒಂಟಿ ಗೆರೆ. ಮೊಮ್ಮಗಳು ತಾನೇ ಓದಿದ ಮೊದಲ ಸ್ಟೇಷನ್ ಅದಾಯಿತು.

ಮಾತ್ಸುಸಾಕಾ ಎಂದರೆ ಇಂದು ಹೆಚ್ಚಿನವರಿಗೆ ದುಬಾರಿ ದನದ ಮಾಂಸ ನೆನಪಾಗುತ್ತದೆ. ಬೀದಿಯ ಬೋರ್ಡುಗಳಲ್ಲೂ ಅದೇ. ನಮ್ಮ ಬುತ್ತಿಯಲ್ಲಿ ಚಿತ್ರಾನ್ನವಿತ್ತು. ಒಂದು ಅಂಗಡಿಯಲ್ಲಿ ಅಕ್ಕಿಯ ಹಗುರ ಬಿಲ್ಲೆಗಳ ನಡುವೆ ಸಿಹಿ ಕಾಳಿನ ಹೂರಣ ತುಂಬಿದ ತಿಂಡಿ ಸಿಕ್ಕಿತು. ನಮ್ಮ ಹೋಳಿಗೆಯ ಹೂರಣಕ್ಕೆ ಏಲಕ್ಕಿ ಹಾಕುವುದು ಮರೆತರೆ ಹೇಗೋ ಹಾಗಿತ್ತು.

ನನಗೆ ನೋಡಬೇಕಿದ್ದದ್ದು ವರ್ತಕರ ಹಳೆಯ ಊರು. ಗಾಮೊ ಉಜಿಸಾತೊ ಎಂಬ ಪಾಳೆಯಗಾರ 1588ರಲ್ಲಿ ಇಲ್ಲಿ ಕೋಟೆ ಕಟ್ಟಿ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಇಸೆ ಪುಣ್ಯಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಕರ ದಾರಿಯೂ ಊರಿನ ನಡುವೆಯೇ ಹಾದುಹೋಗುತ್ತದೆ. ಇಲ್ಲಿ ನೇಯ್ದ ನೀಲಿ ಪಟ್ಟೆಯ ಹತ್ತಿಬಟ್ಟೆಗೆ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಬಹಳ ಬೇಡಿಕೆಯಿತ್ತು. ಮಿತ್ಸುಯಿ ವ್ಯಾಪಾರಿ ಮನೆತನದ ಬೇರೂ ಇದೇ ಊರಿನದು. 1730ರಲ್ಲಿ ಹುಟ್ಟಿದ ನೊರಿನಾಗ ಕೂಡ ಎದೊದಲ್ಲಿ ಅಂಗಡಿ ಇದ್ದ ಓಜು ಎಂಬ ಜವಳಿ ಮನೆತನದ ಹುಡುಗ.

ಹನ್ನೊಂದನೇ ವಯಸ್ಸಿಗೆ ತಂದೆ ತೀರಿಕೊಂಡರು. ವ್ಯಾಪಾರ ಇಳಿಮುಖವಾಯಿತು. ಹುಡುಗನ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲುತ್ತಿರಲಿಲ್ಲ. ತಾಯಿ ಕಾತ್ಸು ಇದನ್ನು ಕಂಡಳು. ಇವನಿಂದ ವ್ಯಾಪಾರವಾಗದು, ಓದೇ ಇವನ ದಾರಿ, ಆದರೆ ಹೊಟ್ಟೆಪಾಡಿಗೆ ಒಂದು ಕಸುಬು ಬೇಕು ಎಂದು ವೈದ್ಯ ಕಲಿಯಲು 1752ರಲ್ಲಿ ಕ್ಯೋಟೋಗೆ ಕಳಿಸಿದಳು. ಗಂಡನಿಲ್ಲದ, ಕರಗುತ್ತಿರುವ ಮನೆಯ ಹೆಣ್ಣುಮಗಳು ಮಗನನ್ನು ಅವನಿದ್ದಂತೆಯೇ ಕಂಡು ತೀರ್ಮಾನ ಮಾಡುವುದು ಸಣ್ಣ ಮಾತಲ್ಲ. ನನ್ನ ಕೈಕೆಳಗೆ ಕಲಿತ ಎಷ್ಟೋ ಮಕ್ಕಳ ಮನೆಯಲ್ಲಿ ಇಂಥ ಒಂದು ಕಣ್ಣು ಇದ್ದಿದ್ದರೆ ಎಂದು ಅನ್ನಿಸಿತು.

ಉಒಮಾಚಿ, ಅಂದರೆ ಮೀನುಪೇಟೆ, ಅಲ್ಲಿ ಮನೆಯಿದ್ದ ಜಾಗವನ್ನು ಹಾಗೇ ಉಳಿಸಿದ್ದಾರೆ. ಮನೆ ಈಗ ಅಲ್ಲಿಲ್ಲ. ಬೆಂಕಿಯ ಭಯಕ್ಕೆ 1909ರಲ್ಲಿ ಬಿಚ್ಚಿ ಕೋಟೆಯ ಮೇಲೆ ಮತ್ತೆ ಜೋಡಿಸಿದರು. ಇಲ್ಲಿ ಅಡಿಪಾಯದ ಕಲ್ಲುಗಳಿವೆ, ಒಂದು ಹಳೆಯ ಉಗ್ರಾಣವಿದೆ, ಹಿಂದೆ ಹಿರಿಯ ಮಗ ಹಾರುನಿವಾ ಇದ್ದ ಮನೆಯಿದೆ. ಈ ಹಾರುನಿವಾ ಮೂವತ್ತು ದಾಟುತ್ತಿದ್ದಂತೆ ಎರಡೂ ಕಣ್ಣು ಕಳೆದುಕೊಂಡವನು. ಸೂಜಿಚಿಕಿತ್ಸೆ ಕಲಿತು ಬದುಕಿದ, ಜೊತೆಗೆ ಜಪಾನೀ ಕ್ರಿಯಾಪದಗಳ ರೂಪಗಳನ್ನು ವರ್ಗೀಕರಿಸಿ ದೊಡ್ಡ ವ್ಯಾಕರಣ ಬರೆದ. ಕಣ್ಣಿಲ್ಲದವನು ಧಾತುಗಳ ರೂಪಗಳನ್ನೆಲ್ಲ ಮನಸ್ಸಿನಲ್ಲೇ ಹರಡಿಕೊಂಡು ಜೋಡಿಸಿದ್ದನ್ನು ನೆನೆದು ಆ ಹೊಸಿಲ ಮುಂದೆ ಸ್ವಲ್ಪ ಹೊತ್ತು ನಿಂತೆ.

ಸಂಜೆ ಇಸೆ ದಾರಿಯಲ್ಲಿ ಒಂದು ಕಲ್ಲುಫಲಕ ನೋಡಿದೆವು. ಶಿಂಜೋಯಾ ಎಂಬ ತಂಗುದಾಣ ಇದ್ದ ಜಾಗ. 1763ರಲ್ಲಿ ಹಳೆಯ ಕಾವ್ಯಗಳ ಮಹಾವಿದ್ವಾಂಸ ಕಾಮೊ ನೊ ಮಾಬುಚಿ ಊರಿಗೆ ಬಂದಿದ್ದರೆಂಬ ಸುದ್ದಿ ಕೇಳಿ ನೊರಿನಾಗ ಓಡಿದ. ಅಷ್ಟರಲ್ಲಿ ಅವರು ಹೊರಟುಹೋಗಿದ್ದರು. ಮುಂದಿನ ಠಾಣ್ಯದವರೆಗೆ ಬೆನ್ನಟ್ಟಿದರೂ ಸಿಗಲಿಲ್ಲ. ಇಸೆಯಿಂದ ಹಿಂತಿರುಗುವಾಗ ಸಿಕ್ಕರು. ಗುರುವಿಗೆ ಅರವತ್ತೇಳು, ಇವನಿಗೆ ಮೂವತ್ತನಾಲ್ಕು. ‘ಕೊಜಿಕಿ’ ಎಂಬ ಪ್ರಾಚೀನ ಗ್ರಂಥವನ್ನು ಬಿಡಿಸಿ ಓದಬೇಕೆಂಬುದು ನನ್ನ ಆಸೆಯೂ ಆಗಿತ್ತು, ಅದಕ್ಕೆ ಮೊದಲು ಹಳೆಯ ಹಾಡುಗಳ ನುಡಿ ತಿಳಿಯಬೇಕೆಂದು ಹೊರಟು ಅದರಲ್ಲೇ ಮುದುಕನಾದೆ, ನೀನು ಇನ್ನೂ ಚಿಕ್ಕವನು, ಬುಡದಿಂದ ಒಂದೊಂದೇ ಮೆಟ್ಟಿಲು ಹತ್ತು ಎಂಬರ್ಥದ ಮಾತು ಹೇಳಿದರಂತೆ. ಬದುಕಿನಲ್ಲಿ ಅವರಿಬ್ಬರು ಮುಖಾಮುಖಿಯಾದದ್ದು ಆ ಒಂದೇ ರಾತ್ರಿ. ಮುಂದಿನದೆಲ್ಲ ಕಾಗದದಲ್ಲಿ.

ಎರಡನೆಯ ದಿನ

ಕೋಟೆಯಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ. ಒಂದರ ಮೇಲೊಂದು ಏರಿದ ಕಲ್ಲುಗೋಡೆಗಳು, ಅವುಗಳ ಮೇಲೆ ಅರಳಿ ನಿಂತ ಚೆರ್ರಿ ಮರಗಳು. ಅದರ ಒಳಗೆ 1970ರಲ್ಲಿ ತೆರೆದ ನೊರಿನಾಗ ಸ್ಮಾರಕ ಸಂಗ್ರಹಾಲಯ. ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದಷ್ಟು ದೊಡ್ಡದಿದ್ದೀತು. ಆದರೆ ಸುಮಾರು 16,000 ವಸ್ತುಗಳು ಇವರ ವಶದಲ್ಲಿವೆ. ಒಬ್ಬನೇ ಮನುಷ್ಯನ ಮತ್ತು ಅವನ ಮನೆತನದ ಇಷ್ಟು ಕಾಗದ ಉಳಿದುಬಂದಿರುವುದು ಆಶ್ಚರ್ಯ. ಸ್ವಲ್ಪ ಸ್ವಲ್ಪವೇ ಹೊರತೆಗೆದು ಪಾಳಿಯ ಮೇಲೆ ಪ್ರದರ್ಶಿಸುತ್ತಾರೆ.

ಮೊಮ್ಮಗಳನ್ನು ಹಿಡಿದು ನಿಲ್ಲಿಸಿದ್ದು ಒಂದು ಊರಿನ ನಕ್ಷೆ. ಕೋಟೆ, ಬೀದಿಗಳು, ಮನೆಗಳು, ಎಲ್ಲವನ್ನೂ ಕೂದಲೆಳೆಯ ಗೆರೆಗಳಲ್ಲಿ ಬಿಡಿಸಿ ಹೆಸರು ಬರೆದಿದ್ದಾನೆ. ಆ ಊರು ಎಲ್ಲೂ ಇಲ್ಲ! ಹತ್ತೊಂಬತ್ತರ ಹುಡುಗ ಹಾಶಿಹಾರಾ ಎಂಬ ಕಲ್ಪಿತ ರಾಜಮನೆತನ ಸೃಷ್ಟಿಸಿ, ಅದರ ಪರಿವಾರಕ್ಕೆಲ್ಲ ವಂಶಾವಳಿ ಬರೆದು, ಅವರಿಗೆ ಈ ಊರನ್ನು ಕಟ್ಟಿಕೊಟ್ಟಿದ್ದ. ಕಾತ್ಸುವಿನ ಕಣ್ಣಿಗೆ ಬಿದ್ದದ್ದು ಇಂಥವೇ ಇರಬೇಕು.

ಇನ್ನೊಂದು ಕಡೆ ಅವನ ಔಷಧಿ ಪೆಟ್ಟಿಗೆ. ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುವಂಥದ್ದು, ಒಳಗೆ ಔಷಧಿಯ ಪೊಟ್ಟಣಗಳಿಗೆ ಜಾಗ. ಮಗಳು ಮೇಲಿನ ಬರಹ ಓದಲು ಹೋಗಿ ನಕ್ಕಳು. “ಅಮ್ಮ, ‘ಕುಸುರಿಬಾಕೊ’ ಅಂದರೆ ಔಷಧಿ ಪೆಟ್ಟಿಗೆ. ಅದನ್ನು ಎರಡು ಚೀನೀ ಅಕ್ಷರದಲ್ಲಿ ಬರೆಯಬಹುದಿತ್ತು. ಇವರು ಕು, ಸು, ರಿ, ಬಾ, ಕೊ ಎಂದು ಒಂದೊಂದು ಉಚ್ಚಾರಣೆಗೂ ಒಂದೊಂದು ಚೀನೀ ಅಕ್ಷರ ಹಾಕಿದ್ದಾರೆ, ಅರ್ಥ ಬಿಟ್ಟು ಸದ್ದು ಮಾತ್ರ.”

ಆ ಪೆಟ್ಟಿಗೆಯ ಮೇಲಿನ ಐದು ಅಕ್ಷರಗಳಲ್ಲೇ ಅವನ ಜೀವಮಾನದ ಕೆಲಸ ಅಡಗಿದೆ. 712ರಲ್ಲಿ ‘ಕೊಜಿಕಿ’ ಎಂಬ ಆ ಪ್ರಾಚೀನ ಕಥಾಸಂಗ್ರಹ ಬರೆದಾಗ ಜಪಾನಿಗೆ ಸ್ವಂತ ಲಿಪಿ ಇರಲಿಲ್ಲ. ಎಲ್ಲವೂ ಚೀನೀ ಅಕ್ಷರಗಳಲ್ಲಿ. ಕೆಲವು ಕಡೆ ಅಕ್ಷರದ ಅರ್ಥ ತೆಗೆದುಕೊಳ್ಳಬೇಕು, ಕೆಲವು ಕಡೆ ಸದ್ದು ಮಾತ್ರ. ನಮ್ಮಲ್ಲಿ ಯಾರೋ ‘ಜಲ’ ಎಂದು ಬರೆದಿಟ್ಟು ಅದನ್ನು ‘ನೀರು’ ಎಂದೇ ಓದುತ್ತಿದ್ದರು ಎಂದಿಟ್ಟುಕೊಳ್ಳಿ. ಸಾವಿರ ವರ್ಷವಾದ ಮೇಲೆ ಆ ಓದುವ ಬಾಯಿ ಮರೆತುಹೋದರೆ, ಬರೆದದ್ದು ಉಳಿದರೂ ಮಾತು ಕಳೆದುಹೋಯಿತು. ನೊರಿನಾಗ ಹುಡುಕಿದ್ದು ಆ ಮಾತನ್ನು. 1764ರಲ್ಲಿ ಶುರುಮಾಡಿ 1798ರಲ್ಲಿ ಮುಗಿಸಿದ. 44 ಸಂಪುಟಗಳ ವ್ಯಾಖ್ಯಾನ, ‘ಕೊಜಿಕಿ-ದೆನ್’. ಪೂರ್ತಿ ಅಚ್ಚಾಗಿದ್ದು 1822ರಲ್ಲಿ, ಅವನು ಸತ್ತ ಮೇಲೆ. ಅವನದೇ ಕೈಬರಹದ ಹಾಳೆಗಳನ್ನು ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಸಾಲು ಒಂದಿಷ್ಟೂ ಓರೆಯಾಗಿಲ್ಲ, ಅಕ್ಷರ ಎಲ್ಲೂ ಸೋತಿಲ್ಲ. ಹಗಲು ರೋಗಿಗಳು, ಸಂಜೆ ಪಾಠ, ಉಳಿದ ಹೊತ್ತಿನಲ್ಲಿ ಇದು. ಯಾರಿಗೆ ಯಾವ ಔಷಧಿ, ಎಷ್ಟು ಹಣ ಎಂದು ಬರೆದಿಟ್ಟ ಲೆಕ್ಕದ ಪುಸ್ತಕವೂ ಉಳಿದಿದೆ. ವ್ಯಾಪಾರ ಒಲ್ಲದ ಹುಡುಗ ಲೆಕ್ಕವನ್ನೇನೂ ಬಿಟ್ಟಿರಲಿಲ್ಲ.

ಮೊಮ್ಮಗಳ ಪ್ರಶ್ನೆಯನ್ನು ಅಲ್ಲಿನ ಸಿಬ್ಬಂದಿಯೊಬ್ಬರ ಮುಂದಿಟ್ಟೆವು. ಅವರು ಮಗುವಿನ ಎತ್ತರಕ್ಕೆ ಕೂತು, ಒಂದು ಕಾಗದದಲ್ಲಿ ಐದು ಸ್ವರ ಬರೆದರು. ಆಮೇಲೆ ನಮಗೆ ವಿವರಿಸಿದರು, ಮಗಳು ಕನ್ನಡಕ್ಕೆ ತಂದಳು.

ಮಧ್ಯಯುಗದಲ್ಲಿ ಜಪಾನಿನ ಬಾಯಲ್ಲಿ ‘ಒ’ ಮತ್ತು ‘ವೊ’ ಕೂಡಿಹೋದವು. ಅಕ್ಷರ ಎರಡು, ಸದ್ದು ಒಂದು. ಹಾಗಾಗಿ ಪಟ ಬರೆಯುವವರು ಅವನ್ನು ಅದಲು ಬದಲಾಗಿ ಕೂರಿಸಿಬಿಟ್ಟಿದ್ದರು. ‘ವೊ’ ಸ್ವರಗಳ ಸಾಲಿಗೆ ಬಂದಿತ್ತು, ‘ಒ’ ವಕಾರದ ಸಾಲಿಗೆ ಹೋಗಿತ್ತು. ಶತಮಾನಗಳ ತನಕ ಎಲ್ಲರೂ ಹಾಗೇ ಕಲಿತರು. ನೊರಿನಾಗ 1776ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಅದನ್ನು ತಿದ್ದಿದ.

ತಿದ್ದಿದ ಬಗೆ ಕೇಳಿ ನನಗೆ ರೋಮಾಂಚನವಾಯಿತು. ಜಪಾನೀ ಪದ್ಯದ ಸಾಲುಗಳಿಗೆ ಐದು, ಏಳು, ಐದು, ಏಳು, ಏಳು ಎಂಬ ಎಣಿಕೆ. ಹಳೆಯ ಪದ್ಯಗಳಲ್ಲಿ ಕೆಲವು ಸಾಲುಗಳು ಒಂದು ಅಕ್ಷರ ಹೆಚ್ಚಿರುತ್ತವೆ, ಆದರೂ ಕಿವಿಗೆ ಎಡವುವುದಿಲ್ಲ. ಎಲ್ಲರೂ ಅದನ್ನು ಕವಿಯ ಸ್ವಾತಂತ್ರ್ಯ ಎಂದು ಬಿಟ್ಟಿದ್ದರು. ನೊರಿನಾಗ ಅಂಥ ಸಾಲುಗಳನ್ನೆಲ್ಲ ಒಟ್ಟುಹಾಕಿ ನೋಡಿದ. ಹೆಚ್ಚಾದ ಕಡೆ ಸಾಲಿನ ನಡುವೆ ಅ, ಇ, ಉ ಇವುಗಳಲ್ಲಿ ಒಂದು ಬಂದಿರುತ್ತದೆ, ಅಥವಾ ‘ಒ’. ಆ ಇನ್ನೊಂದು ‘ವೊ’ ಬರುವುದಿಲ್ಲ. ಅಂದಮೇಲೆ ‘ಒ’ ಸ್ವರ, ಅದರ ಮನೆ ಮೊದಲ ಸಾಲು. ‘ವೊ’ ವ್ಯಂಜನ ಹೊತ್ತದ್ದು, ಅದರ ಮನೆ ಕೊನೆಯ ಸಾಲು.

ಕನ್ನಡ ವ್ಯಾಕರಣ ಓದಿದವರಿಗೆ ಇದು ಎಷ್ಟು ಹತ್ತಿರದ್ದು! ಸ್ವರದ ಮುಂದೆ ಸ್ವರ ಬಂದರೆ ಒಂದು ಲೋಪವಾಗುತ್ತದೆ. ನಾವು, ಎಲ್ಲ, ಕೂಡಿದರೆ ನಾವೆಲ್ಲ. ನಾಲ್ಕಕ್ಷರ ಮೂರಾಯಿತು. ಮುಂದಿನ ಪದ ವ್ಯಂಜನದಿಂದ ಶುರುವಾದರೆ ಹಾಗಾಗದು. ಸಂಧಿ ನಡೆಯುವ ಕಡೆ ಸ್ವರ ಇದ್ದೇ ಇದೆ ಎಂದು ಬಾಯಿ ಮುಚ್ಚಿದ ಪುಟದಿಂದ ಸಾಕ್ಷಿ ಹೇಳಿಸಿದ್ದ ಆ ವೈದ್ಯ. ನನ್ನ ತರಗತಿಯಲ್ಲಿ ‘ವೊಂದು’, ‘ಯೆಲ್ಲ’ ಎಂದು ಬರೆದ ಮಕ್ಕಳ ಉತ್ತರಪತ್ರಿಕೆಗಳು ಕಣ್ಣಮುಂದೆ ಬಂದವು. ಅವರೇನು ತಪ್ಪು ಕೇಳಿಸಿಕೊಂಡವರಲ್ಲ. ನಾವು ಮಾತಾಡುವಾಗ ‘ಒ’ ಹಿಂದೆ ತುಸು ವಕಾರ, ‘ಎ’ ಹಿಂದೆ ತುಸು ಯಕಾರ ಇದ್ದೇ ಇರುತ್ತದೆ. ಕೆಂಪು ಗೆರೆ ಎಳೆಯುವ ಮೊದಲು ಇದನ್ನು ಆ ಮಕ್ಕಳಿಗೆ ಬಿಡಿಸಿ ಹೇಳಬೇಕಿತ್ತು.

ಇನ್ನೊಂದು ಮಾತನ್ನೂ ಅವರು ಹೇಳಿದರು. ಹೆಚ್ಚುವರಿ ಸಾಲುಗಳಲ್ಲಿ ‘ಎ’ಗೆ ಮಾತ್ರ ಉದಾಹರಣೆ ಸಿಗುವುದಿಲ್ಲ. ಅದೇಕೆಂದು ಇನ್ನೂ ವಿಚಾರಮಾಡಿಲ್ಲ ಎಂದು ನೊರಿನಾಗ ಅಲ್ಲೇ ಬರೆದಿಟ್ಟಿದ್ದಾನೆ.

ಸಂಗ್ರಹಾಲಯದಿಂದ ಹೊರಬಂದರೆ ಪಕ್ಕದಲ್ಲೇ ಮನೆ. 1691ರಲ್ಲಿ ಅಜ್ಜನ ವಿಶ್ರಾಂತಿಗೆಂದು ಕಟ್ಟಿದ್ದು. ನೊರಿನಾಗ ಹನ್ನೆರಡನೇ ವಯಸ್ಸಿನಿಂದ ಎಪ್ಪತ್ತೆರಡರವರೆಗೆ, ಕ್ಯೋಟೋದಲ್ಲಿದ್ದ ವರ್ಷಗಳನ್ನು ಬಿಟ್ಟರೆ, ಇಲ್ಲೇ ಇದ್ದ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಬೀದಿ ಕಡೆಯ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ, ಒಳಕೋಣೆಯಲ್ಲಿ ಶಿಷ್ಯರು ಸೇರುತ್ತಿದ್ದರು. ಐವತ್ತಮೂರರ ವಯಸ್ಸಿನಲ್ಲಿ, 1782ರಲ್ಲಿ, ಅಟ್ಟದ ಉಗ್ರಾಣವನ್ನು ಓದುವ ಕೋಣೆ ಮಾಡಿಕೊಂಡ. ನಾಲ್ಕೂವರೆ ಚಾಪೆಯಷ್ಟು ಜಾಗ. ಹತ್ತಲು ಡ್ರಾಯರುಗಳಿರುವ ಕಡಿದಾದ ಪೆಟ್ಟಿಗೆ-ಮೆಟ್ಟಿಲು. ಮೇಲೆ ಈಗ ಯಾರನ್ನೂ ಬಿಡುವುದಿಲ್ಲ. ಎದುರಿನ ಕೋಟೆಗೋಡೆ ಹತ್ತಿ ನಿಂತರೆ ಕಿಟಕಿಯಿಂದ ಆ ಕೋಣೆ ಕಾಣುತ್ತದೆ.

ಅದರ ಹೆಸರು ಸುಜುನೊಯಾ. ಸುಜು ಎಂದರೆ ನಾಲಗೆ ತೂಗುವ ಗಂಟೆಯಲ್ಲ. ಟೊಳ್ಳು ಗುಂಡು, ಕೆಳಗೆ ಸೀಳು, ಒಳಗೊಂದು ಹರಳು. ನಮ್ಮ ಗೆಜ್ಜೆಯೇ. ಮೂವತ್ತಾರು ಗೆಜ್ಜೆಗಳನ್ನು ಕೆಂಪು ದಾರಕ್ಕೆ ಕಟ್ಟಿ ಕಂಬಕ್ಕೆ ಇಳಿಬಿಟ್ಟಿದ್ದ. ಓದಿ ಓದಿ ದಣಿದಾಗ ದಾರವನ್ನು ಎಳೆದು ಆ ಸದ್ದು ಕೇಳುತ್ತಿದ್ದನಂತೆ. ಗೆಜ್ಜೆಮನೆ! ಗೋಡೆಯ ಮೇಲೆ ಮೂವರೂ ಮಾತಿಲ್ಲದೆ ಕೂತೆವು. ಚೆರ್ರಿ ಎಸಳುಗಳು ಹೆಂಚಿನ ಮೇಲೆ ಬೀಳುತ್ತಿದ್ದವು.

ಅಲ್ಲಿ ಕೂತಾಗಲೇ ಮನಸ್ಸಿಗೆ ಕಷ್ಟವೂ ಆಯಿತು. ಈ ಮನುಷ್ಯ ತನ್ನ ನುಡಿಯನ್ನು ಪ್ರೀತಿಸುತ್ತ ಪ್ರೀತಿಸುತ್ತ ಹೊರಗಿನಿಂದ ಬಂದ ಚಿಂತನೆಯೆಲ್ಲ ಮನಸ್ಸಿಗೆ ಮೆತ್ತಿದ ಕೊಳೆ ಎಂಬಲ್ಲಿಗೆ ಹೋದ. ತನ್ನ ದೇಶವೇ ಎಲ್ಲಕ್ಕೂ ಮೇಲು ಎಂದ. ಅರವತ್ತೊಂದರಲ್ಲಿ ತಾನೇ ಬರೆದುಕೊಂಡ ಭಾವಚಿತ್ರದ ಮೇಲೆ ಒಂದು ಪದ್ಯವಿದೆ: ಯಮಾತೊ ಮನಸ್ಸು, ಅಂದರೆ ಜಪಾನಿನ ಮನಸ್ಸು, ಯಾವುದೆಂದು ಕೇಳಿದರೆ, ಬೆಳಗಿನ ಬಿಸಿಲಲ್ಲಿ ಹೊಳೆಯುವ ಬೆಟ್ಟದ ಚೆರ್ರಿ ಹೂವು ಎನ್ನುತ್ತೇನೆ. 1944ರ ಅಕ್ಟೋಬರಿನಲ್ಲಿ ಮೊದಲ ಆತ್ಮಾಹುತಿ ವಿಮಾನ ದಳಗಳಿಗೆ ಆ ಪದ್ಯದಿಂದಲೇ ಹೆಸರಿಟ್ಟರು. ಶಿಕಿಶಿಮಾ, ಯಮಾತೊ, ಅಸಾಹಿ, ಯಮಾಜಾಕುರಾ. ಅದು ಅವನು ಮಾಡಿದ್ದಲ್ಲ, ನಿಜ. ಆದರೂ ಅವನ ಮಾತಿನಲ್ಲಿದ್ದ ಬಿಗುಮಾನ ಅದಕ್ಕೆ ಒದಗಿತು ಎಂದೇ ನನಗನ್ನಿಸುತ್ತದೆ. ಅವನು ‘ಒ’ ಅಕ್ಷರವನ್ನು ಮನೆಗೆ ಕರೆತಂದ ಏಣಿಯೇ ಹೊರಗಿನದು. ಅವನಿಗೆ ಮೊದಲು ಕಣ್ಣು ತೆರೆಸಿದ ಗ್ರಂಥಗಳು ಕೈಚೂ ಎಂಬ ಸನ್ಯಾಸಿಯವು. ಆ ಕೈಚೂ ಸಿದ್ಧಂ ಬಲ್ಲ, ಕೂಕಾಯ್‌ನ ಪಂಥದವನು. ಹೊರಗಿನ ವರ್ಣಮಾಲೆ ಕೈಗೆ ಸಿಕ್ಕಿದ್ದರಿಂದಲೇ ಒಳಗಿನ ಸ್ವರ ಯಾವುದೆಂದು ಅವನಿಗೆ ತಿಳಿಯಿತು.

ಮೂರನೆಯ ದಿನ

ಊರಿನ ದಕ್ಷಿಣಕ್ಕೆ ಯಮಾಮುರೊ ಬೆಟ್ಟದಲ್ಲಿ ಸಮಾಧಿ. ಟ್ಯಾಕ್ಸಿ ಬೆಟ್ಟದ ಬುಡದವರೆಗೆ, ಅಲ್ಲಿಂದ ಮ್ಯೋರಾಕುಜಿ ದೇವಾಲಯದ ಬಳಿ ಕಾಡುದಾರಿ. ಮೊಣಕಾಲು ನೋವಿತ್ತು, ನಿಧಾನವಾಗಿ ಹತ್ತಿದೆ. ಸಾಯುವ ಹಿಂದಿನ ವರ್ಷ, 1800ರಲ್ಲಿ, ಅವನೇ ಬಂದು ಆರಿಸಿದ ಜಾಗ. ಆಗ ಬರೆದ ಉಯಿಲಿನಲ್ಲಿ ಶವವನ್ನು ಹೇಗೆ ಸುತ್ತಬೇಕು, ಮೆರವಣಿಗೆ ಹೇಗೆ ಸಾಗಬೇಕು, ಕಲ್ಲು ಎಷ್ಟು ಎತ್ತರ ಎಂದು ಚಿತ್ರ ಸಹಿತ ಬರೆದಿದ್ದ. ಹಿಂದೆ ಒಂದು ಬೆಟ್ಟದ ಚೆರ್ರಿ ನೆಡಿ, ಒಳ್ಳೆ ಹೂವಿನ ಮರವನ್ನೇ ಹುಡುಕಿ ನೆಡಿ, ಒಣಗಿದರೆ ಇನ್ನೊಂದು ನೆಡಿ.

ಕಲ್ಲಿನ ಮೇಲೆ ಅವನದೇ ಕೈಬರಹದ ಹೆಸರು, ಹಿಂದೆ ಮರ. ಊರಿನ ಚೆರ್ರಿಗಳ ಹಾಗೆ ಎಲೆಯಿಲ್ಲದ ಬರಿಯ ಕೊಂಬೆಯಲ್ಲಿ ಹೂವಲ್ಲ, ಬೆಟ್ಟದ ಚೆರ್ರಿಯಲ್ಲಿ ತಾಮ್ರ ಬಣ್ಣದ ಚಿಗುರೂ ಹೂವೂ ಒಟ್ಟಿಗೆ ಬರುತ್ತವೆ. ನಮ್ಮ ಮಾವಿನ ಚಿಗುರಿನ ಬಣ್ಣ. ಯಾರೋ ನಮಗಿಂತ ಮುಂಚೆ ಬಂದು ಅಂಗಳ ಗುಡಿಸಿ ಹೋಗಿದ್ದರು, ಕಸಬರಿಕೆಯ ಗೀರುಗಳ ಮೇಲೆ ಮತ್ತೆ ಎಸಳುಗಳು ಬಿದ್ದಿದ್ದವು.

ಮಧ್ಯಾಹ್ನದ ರೈಲಿನಲ್ಲಿ ಮೊಮ್ಮಗಳು ಪುಸ್ತಕ ತೆಗೆದು ಅಕ್ಷರಪಟವನ್ನು ನೆನಪಿನಿಂದ ಬರೆಯತೊಡಗಿದಳು. ಕೊನೆಯ ಸಾಲಿಗೆ ಬಂದಾಗ ತುಟಿ ಸುತ್ತಿ ‘ವೊ’ ಎಂದು ಗಟ್ಟಿಯಾಗಿ ಹೇಳಿಯೇ ಬರೆದಳು. ಎದುರಿನ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿ ನಕ್ಕರು. ಆಮೇಲೆ ಪೆನ್ಸಿಲು ಎರಡು ಸಾಲು ಹಿಂದಕ್ಕೆ ಬಂತು. ಯಕಾರದ ಸಾಲಿನಲ್ಲಿ ಯ, ಯು, ಯೊ, ಮೂರೇ ಅಕ್ಷರ. ನಡುವೆ ಎರಡು ಮನೆ ಖಾಲಿ.

“ಅಜ್ಜಿ, ‘ಯೆ’ ಎಲ್ಲಿ ಹೋಯ್ತು?”

“ಇತ್ತು ಪುಟ್ಟಿ, ಒಂದು ಕಾಲದಲ್ಲಿ. ‘ಎ’ ಜೊತೆ ಸೇರಿಹೋಯಿತು.”

“ಆ ಡಾಕ್ಟರಿಗೆ ಗೊತ್ತಿತ್ತಾ?”

“ಇಲ್ಲ. ಅವರ ನಂತರ ಬಂದವರು ಕಂಡುಹಿಡಿದರು.”

ಅವಳು ಸ್ವಲ್ಪ ಯೋಚಿಸಿ, ಖಾಲಿ ಮನೆಯೊಳಗೆ ಕನ್ನಡದ ‘ಯೆ’ ಬರೆದು ನನಗೆ ತೋರಿಸಿದಳು.